ದೂರದ ಬೆಟ್ಟ ಮೌಸಿಗೂ ನುಣ್ಣಗೆ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದೊಳಗೆ ಮೌಂಗಾ ಫೌ ಎಂಬ ಆರಿದ ಜ್ವಾಲಾಮುಖಿಯೊಂದಿದೆ. ಮೌಂಟ್ ಈಡನ್ ಎಂಬುದು ಅದರ ಇನ್ನೊಂದು ಹೆಸರು. ಎತ್ತರ ಇನ್ನೂರು ಮೀಟರ್ ಕೂಡ ಇಲ್ಲ, ನೆತ್ತಿಯಲ್ಲಿ ಸುಮಾರು ಐವತ್ತು ಮೀಟರ್ ಆಳದ ಒಂದು ಕುಳಿ. ಮಲೆನಾಡಿನವರು ಕಂಡರೆ ಗುಡ್ಡ ಎಂದು ಹೇಳಿ ಮುಂದೆ ಹೋಗುತ್ತಾರೆ. ಆದರೂ ಕಂಪ್ಯೂಟರಿನಲ್ಲಿ ಮೂರು ಆಯಾಮದ ಚಿತ್ರ ಬಿಡಿಸಲು ಕಲಿತವರಲ್ಲಿ ಈ ಗುಡ್ಡವನ್ನು ಒಮ್ಮೆಯೂ ತಿರುಗಿಸಿ ನೋಡದವರು ಕಡಿಮೆ. ಆರ್ ಭಾಷೆಯನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ರಾಸ್ ಇಹಾಕಾ ಒಂದು ಭೂನಕ್ಷೆಯಿಂದ ಹತ್ತು ಮೀಟರಿಗೊಂದರಂತೆ ಇದರ ಎತ್ತರಗಳನ್ನು ಅಂಕಿಗಿಳಿಸಿದರು. 87 ಅಡ್ಡಸಾಲು, 61 ಕಂಬಸಾಲು, ಒಟ್ಟು 5,307 ಸಂಖ್ಯೆಗಳು. ಕನಿಷ್ಠ 94, ಗರಿಷ್ಠ 195. ಇದನ್ನು ನಿಖರ ಎಂದು ನಂಬಬೇಡಿ ಎಂಬ ಎಚ್ಚರಿಕೆಯೂ ಆರ್‌ನ ಸಹಾಯಪುಟದಲ್ಲೇ ಇದೆ. ಆ ಪುಟವನ್ನು ಓದುವವರು ಎಷ್ಟು ಜನ ಎನ್ನುವುದು ಬೇರೆ ಮಾತು.

ಮೂರು ಆಯಾಮದ ಡೇಟಾವನ್ನು ಪರದೆಯ ಮೇಲೆ ತಂದು, ಮೌಸಿನಿಂದ ಹಿಡಿದು ಆಡಿಸಲು ಬಿಡುವ ಲೈಬ್ರರಿಗಳು ಈಗ ಸಾಕಷ್ಟಿವೆ. ಈ ಬರಹ ಮುಖ್ಯವಾಗಿ ಪೈಥಾನ್ ಭಾಷೆಯ ಪೈವಿಸ್ಟಾ ಎಂಬ ಲೈಬ್ರರಿಯ ಬಗ್ಗೆ. ಆದರೆ ಅದನ್ನು ತೂಗಬೇಕಾದರೆ ಪಕ್ಕದಲ್ಲಿ ಬೇರೆಯವು ಇರಬೇಕು. ಆದ್ದರಿಂದ ಮೊದಲು ಈ 5,307 ಸಂಖ್ಯೆಗಳನ್ನು ಒಂದೊಂದಕ್ಕೂ ಕೊಟ್ಟು, ಅವು ಯಾವ ಗುಡ್ಡವನ್ನು ನಮ್ಮ ಮುಂದೆ ತಂದು ನಿಲ್ಲಿಸುತ್ತವೆ ನೋಡೋಣ.

ಪ್ಲಾಟ್ಲಿ ಎಂಬ ಲೈಬ್ರರಿಗೆ ಎತ್ತರದ ಕೋಷ್ಟಕವನ್ನಷ್ಟೇ ಕೊಟ್ಟರೆ ಅದು ಉಳಿದ ಎರಡು ಅಕ್ಷಗಳಿಗೆ ಸಾಲಿನ ಕ್ರಮಸಂಖ್ಯೆಯನ್ನೇ ಹಾಕಿಕೊಳ್ಳುತ್ತದೆ. ಒಂದು ಕಡೆ 0ಯಿಂದ 60, ಇನ್ನೊಂದು ಕಡೆ 0ಯಿಂದ 86, ಮೇಲಕ್ಕೆ 94ರಿಂದ 195. ಅಡ್ಡಕ್ಕೆ ಒಂದು ಹೆಜ್ಜೆ ಎಂದರೆ ನೆಲದ ಮೇಲೆ ಹತ್ತು ಮೀಟರ್, ಮೇಲಕ್ಕೆ ಒಂದು ಹೆಜ್ಜೆ ಎಂದರೆ ಒಂದೇ ಮೀಟರ್. ಹೀಗಾಗಿ ಅಗಲಕ್ಕಿಂತ ಎತ್ತರವೇ ಹೆಚ್ಚಾದ, ಹತ್ತಲು ಹಗ್ಗ ಬೇಕೆನಿಸುವ ಒಂದು ಕಡಿದಾದ ಶಿಖರ ಪರದೆಯ ಮೇಲೆ ಎದ್ದು ನಿಲ್ಲುತ್ತದೆ. ಇರುವುದಕ್ಕಿಂತ ಹತ್ತು ಪಟ್ಟು ಕಡಿದು! ಚಿತ್ರ ಬಹಳ ಚೆನ್ನಾಗಿದೆ, ಮೌಸಿಟ್ಟರೆ ಬೆಣ್ಣೆಯಂತೆ ತಿರುಗುತ್ತದೆ, ಯಾವ ಬಿಂದುವಿನ ಮೇಲೆ ನಿಂತರೂ ಅದರ ಅಂಕಿಯನ್ನು ತಕ್ಷಣ ಹೇಳುತ್ತದೆ. ಗುಡ್ಡ ಮಾತ್ರ ಮೌಂಗಾ ಫೌ ಅಲ್ಲ. ಇನ್ನೊಂದು ತೊಡಕೂ ಇದೆ. ಆರ್‌ನ ಹಳೆಯ ಚಿತ್ರಗಳು ಕೋಷ್ಟಕದ ಅಡ್ಡಸಾಲನ್ನು ಎಕ್ಸ್ ಅಕ್ಷಕ್ಕೆ ಹೊಂದಿಸಿದರೆ ಪ್ಲಾಟ್ಲಿ ಅದನ್ನೇ ವೈ ಅಕ್ಷಕ್ಕೆ ಹೊಂದಿಸುತ್ತದೆ. ಗಮನಿಸದೆ ಒಂದರಿಂದ ಇನ್ನೊಂದಕ್ಕೆ ಸಾಗಿಸಿದರೆ ಗುಡ್ಡ ಕನ್ನಡಿಯೊಳಗಿನ ಗುಡ್ಡವಾಗುತ್ತದೆ. ಎಡಕ್ಕೆ ವಾಲಿದ ಕುಳಿ ಬಲಕ್ಕೆ ವಾಲುತ್ತದೆ, ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ.

ಮ್ಯಾಟ್‌ಪ್ಲಾಟ್‌ಲಿಬ್‌ನ ತಪ್ಪು ಬೇರೆ ಬಗೆಯದು. ಅದಕ್ಕೆ ಮೀಟರುಗಳನ್ನೇ ಸರಿಯಾಗಿ ಲೆಕ್ಕ ಹಾಕಿ ಕೊಟ್ಟೆವೆನ್ನಿ. 860 ಮೀಟರ್ ಉದ್ದ, 600 ಮೀಟರ್ ಅಗಲ, 101 ಮೀಟರ್ ಏರಿಳಿತ. ಏನು ಕೊಟ್ಟರೂ ಅದು ತನ್ನ 4:4:3 ಪೆಟ್ಟಿಗೆಯೊಳಗೆ ತುಂಬುತ್ತದೆ. ಉದ್ದದ ದಿಕ್ಕಿಗೆ ಹೋಲಿಸಿದರೆ ಎತ್ತರ ಸುಮಾರು ಆರೂವರೆ ಪಟ್ಟು, ಅಗಲಕ್ಕೆ ಹೋಲಿಸಿದರೆ ಸುಮಾರು ನಾಲ್ಕೂವರೆ ಪಟ್ಟು ಹಿಗ್ಗುತ್ತದೆ. ಮೂರೂ ಅಕ್ಷಗಳಿಗೆ ಸಮ ಅಳತೆ ಕೊಡು ಎಂದು ಕೇಳಿದರೆ, ಅದು ನನ್ನಿಂದಾಗದು ಎಂದು ಈ ಲೈಬ್ರರಿ ಬಹುಕಾಲ ಕೈಚೆಲ್ಲುತ್ತಿತ್ತು. 2022ರ 3.6 ಆವೃತ್ತಿಯಲ್ಲಿ ಆ ಸೌಲಭ್ಯ ಬಂತು. ಇದಕ್ಕಿಂತ ಮೂಲದ ಕುಂದೊಂದಿದೆ: ಇದು ನಿಜವಾಗಿ ಎರಡು ಆಯಾಮದ ಸಾಧನ. ಮೇಲ್ಮೈಯ ತುಂಡುಗಳನ್ನು ದೂರದಿಂದ ಹತ್ತಿರಕ್ಕೆ ಸಾಲಾಗಿ ಜೋಡಿಸಿ ಒಂದರ ಮೇಲೊಂದು ಬಳಿಯುತ್ತದೆ. ಎರಡು ಮೇಲ್ಮೈಗಳು ಒಂದನ್ನೊಂದು ಸೀಳಿಕೊಂಡು ಹೋದಾಗ ಹಿಂದಿರಬೇಕಾದದ್ದು ಮುಂದೆ ಬರುತ್ತದೆ. ಇದನ್ನು ಮುಚ್ಚಿಟ್ಟಿಲ್ಲ ಎನ್ನುವುದು ಮೆಚ್ಚಬೇಕಾದ ಮಾತು. ಕೆಲವು ಕೋನಗಳಲ್ಲಿ ಚಿತ್ರ ತಪ್ಪಾಗಿ ಕಾಣುತ್ತದೆ, ಅದು ಬೇಡವಾದರೆ ಮಾಯಾವಿ ಎಂಬ ಇನ್ನೊಂದು ಲೈಬ್ರರಿಯ ಕಡೆ ಹೋಗಿ ಎಂದು ಅದರ ಕೈಪಿಡಿಯೇ ದಾರಿ ತೋರಿಸಿತು.

ಪೈವಿಸ್ಟಾ ಈ ಪರೀಕ್ಷೆಯಲ್ಲಿ ಮಾಡಿದ್ದು ಬಹಳ ಸರಳ. ಕೊಟ್ಟ ಮೀಟರನ್ನು ಮೀಟರಾಗಿಯೇ ಇಟ್ಟುಕೊಂಡಿತು. ಪರದೆಯ ಮೇಲೆ ಮೂಡಿದ್ದು ತಗ್ಗಾದ, ಸಪ್ಪೆಯಾದ, ಹರಡಿಕೊಂಡ ಒಂದು ದಿಣ್ಣೆ. ಮೊದಲ ಸಲ ನೋಡಿದವರಿಗೆ ನಿರಾಸೆಯಾಗುವುದು ಸಹಜ. ಆದರೆ ನಿಜವಾದ ಗುಡ್ಡ ಇರುವುದೇ ಹಾಗೆ. ಎತ್ತರ ಹಿಗ್ಗಿಸಬೇಕೆಂದರೆ ನಾವೇ ಬಾಯಿಬಿಟ್ಟು, ಇಂತಿಷ್ಟು ಪಟ್ಟು ಎಂದು ಬರೆಯಬೇಕು. ಆರ್‌ನ ಸಹಾಯಪುಟದ ಉದಾಹರಣೆಯಲ್ಲೂ ಎತ್ತರವನ್ನು ಎರಡರಿಂದ ಗುಣಿಸಿ, ಪಕ್ಕದಲ್ಲೇ ಏರಿಳಿತವನ್ನು ಹೆಚ್ಚಿಸಿ ತೋರಿಸುತ್ತಿದ್ದೇವೆ ಎಂಬ ಟಿಪ್ಪಣಿ ಇದೆ. ಹಿಗ್ಗಿಸುವುದು ತಪ್ಪಲ್ಲ, ಹೇಳದೆ ಹಿಗ್ಗಿಸುವುದು ತಪ್ಪು. ನಾವು ಏನನ್ನೂ ಆಯ್ಕೆ ಮಾಡದಿದ್ದಾಗ ಲೈಬ್ರರಿ ತಾನೇ ಮಾಡಿಬಿಡುವ ಆಯ್ಕೆಗಳಲ್ಲಿ ಅದರ ಗುಣ ಬಯಲಾಗುತ್ತದೆ. ಬಳಸುವವರಲ್ಲಿ ಬಹುಪಾಲು ಜನ ಆ ಡಿಫಾಲ್ಟುಗಳನ್ನು ದಾಟಿ ಹೋಗುವುದಿಲ್ಲ.

ಪೈವಿಸ್ಟಾ ಏಕೆ ಹೀಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಅದರ ಮನೆತನ ನೋಡಬೇಕು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ವಿಲ್ ಶ್ರೋಡರ್, ಕೆನ್ ಮಾರ್ಟಿನ್, ಬಿಲ್ ಲೊರೆನ್ಸನ್ ಎಂಬ ಮೂವರು 1993ರಲ್ಲಿ ವಿಟಿಕೆ ಎಂಬ ದೊಡ್ಡ ಲೈಬ್ರರಿಯನ್ನು ಬರೆಯಲು ತೊಡಗಿದರು. ತಾವು ಬರೆಯುತ್ತಿದ್ದ ಪಠ್ಯಪುಸ್ತಕದ ಜೊತೆಗೆ ಕೊಡಲೆಂದು ಹುಟ್ಟಿದ ಕೋಡ್ ಅದು. ಮುಂದೆ 1998ರಲ್ಲಿ ಕಿಟ್‌ವೇರ್ ಎಂಬ ಕಂಪನಿಯೇ ಅದರ ಸುತ್ತ ಬೆಳೆಯಿತು. ಲೊರೆನ್ಸನ್ ಅಷ್ಟರಲ್ಲೇ ಹೆಸರಾಗಿದ್ದವರು. 1987ರಲ್ಲಿ ಅವರು ಹಾರ್ವೆ ಕ್ಲೈನ್ ಜೊತೆ ಸೇರಿ ಪ್ರಕಟಿಸಿದ ‘ಮಾರ್ಚಿಂಗ್ ಕ್ಯೂಬ್ಸ್’ ಎಂಬ ವಿಧಾನ ಇವತ್ತಿಗೂ ಈ ಕ್ಷೇತ್ರದ ಬೆನ್ನೆಲುಬು.

ಅದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಂದು ಜಾಗದ ತುಂಬ ಸಂಖ್ಯೆಗಳು ಹರಡಿವೆ: ದೇಹದ ಸಿಟಿ ಸ್ಕ್ಯಾನ್ ಇರಬಹುದು, ಸಮುದ್ರದ ಉಪ್ಪಿನಂಶ ಇರಬಹುದು. ಆ ಜಾಗವನ್ನು ಪುಟ್ಟ ಪುಟ್ಟ ಘನಗಳಾಗಿ ಹಂಚಿಕೊಳ್ಳಿ. ಪ್ರತಿ ಘನಕ್ಕೆ ಎಂಟು ಮೂಲೆ. ನಾವು ಆರಿಸಿದ ಬೆಲೆಗಿಂತ ಪ್ರತಿ ಮೂಲೆ ಮೇಲಿದೆಯೋ ಕೆಳಗಿದೆಯೋ ಎಂದಷ್ಟೇ ಕೇಳಿ. ಹೀಗೆ 256 ಸಾಧ್ಯತೆಗಳು, ತಿರುಗಿಸಿ ಮಗುಚಿ ಒಂದೇ ಆಗುವಂಥವನ್ನು ತೆಗೆದರೆ 15. ಪ್ರತಿಯೊಂದಕ್ಕೂ ಮೇಲ್ಮೈ ಯಾವ ರೀತಿ ಹಾಯಬೇಕೆಂದು ಮೊದಲೇ ಬರೆದಿಟ್ಟ ಪಟ್ಟಿ. ಘನದಿಂದ ಘನಕ್ಕೆ ನಡೆಯುತ್ತ ಹೋದರೆ ಒಂದೇ ಬೆಲೆಯ ಬಿಂದುಗಳನ್ನೆಲ್ಲ ಹೊದ್ದ ಪೊರೆಯೊಂದು ಸಿಕ್ಕಿಬಿಡುತ್ತದೆ. ಇಷ್ಟು ಸರಳವಾದ ಉಪಾಯಕ್ಕೆ ಪೇಟೆಂಟ್ ಇತ್ತು. ಅದರ ಅವಧಿ 2005ರಲ್ಲಿ ಮುಗಿಯುವವರೆಗೆ ವಿಟಿಕೆಯೊಳಗೇ ಪೇಟೆಂಟ್ ಬಾಧೆಯ ಕೋಡಿಗೊಂದು ಬೇರೆ ಕಪಾಟು ಇಡಬೇಕಾಗಿತ್ತು.

ವಿಟಿಕೆಯಲ್ಲಿ ಇಲ್ಲದ್ದಿಲ್ಲ. ಆದರೆ ಅದರೊಂದಿಗೆ ವ್ಯವಹಾರ ಮಾಡುವುದು ಸರ್ಕಾರಿ ಕಚೇರಿಯಲ್ಲಿ ಕಡತ ಸಾಗಿಸಿದ ಹಾಗೆ. ಡೇಟಾ ಓದಲು ಒಬ್ಬ, ಅದನ್ನು ತ್ರಿಕೋನಗಳಾಗಿಸಲು ಒಬ್ಬ, ಬಣ್ಣಕ್ಕೆ ಹೊಂದಿಸಲು ಒಬ್ಬ, ವೇದಿಕೆ ಹತ್ತಿಸಲು ಒಬ್ಬ, ಕಿಟಕಿ ತೆರೆಯಲು ಒಬ್ಬ, ಮೌಸಿನ ಮಾತು ಕೇಳಲು ಮತ್ತೊಬ್ಬ. ಒಂದು ಗೋಳ ತೋರಿಸಲು ಹತ್ತಾರು ಸಾಲು. ಸಿ++ ಬಲ್ಲ ಎಂಜಿನಿಯರಿಗೆ ಇದೇನೂ ಹೊರೆಯಲ್ಲ. ನಾಳೆ ಬೆಳಗ್ಗೆ ಗೈಡಿನ ಮುಂದೆ ಚಿತ್ರ ಇಡಬೇಕಾದ ಸಂಶೋಧನಾ ವಿದ್ಯಾರ್ಥಿಗೆ ಹೊರೆಯೇ.

ಆ ಹೊರೆಯನ್ನು ಮೊದಲು ಇಳಿಸಿದವರಲ್ಲಿ ನಮ್ಮ ದೇಶದವರೇ ಒಬ್ಬರಿದ್ದರು. ಈಗ ಐಐಟಿ ಬಾಂಬೆಯಲ್ಲಿ ಏರೋಸ್ಪೇಸ್ ಪ್ರಾಧ್ಯಾಪಕರಾಗಿರುವ ಪ್ರಭು ರಾಮಚಂದ್ರನ್ ಈ ಶತಮಾನದ ಮೊದಲ ವರ್ಷಗಳಲ್ಲಿ ‘ಮಾಯಾವಿ’ಯನ್ನು ಬರೆದರು. ನಂತರ ಗಾಯೆಲ್ ವರೊಕೊ ಮುಂತಾದವರು ಜೊತೆಗೂಡಿ, ಎಂಥಾಟ್ ಕಂಪನಿಯ ಆಸರೆಯಲ್ಲಿ ಅದು ಎರಡನೆಯ ಜನ್ಮ ಪಡೆಯಿತು. ಅದರ ಕಿಟಕಿಯ ಒಂದು ಪಕ್ಕದಲ್ಲಿ ಮರವೊಂದು ಕಾಣುತ್ತಿತ್ತು: ಮೇಲೆ ಡೇಟಾ, ಅದರ ಕೆಳಗೆ ಅದಕ್ಕೆ ಮಾಡಿದ ಸಂಸ್ಕಾರಗಳು, ಇನ್ನೂ ಕೆಳಗೆ ಚಿತ್ರಗಳು. ಯಾವುದನ್ನು ಒತ್ತಿದರೂ ಅದರ ಕೀಲುಗಳೆಲ್ಲ ಎದುರಿಗೆ. ಇದಲ್ಲದೆ ರೆಕಾರ್ಡ್ ಗುಂಡಿಯೊಂದಿತ್ತು. ಅದನ್ನು ಒತ್ತಿ ಮೌಸಿನಿಂದ ಏನೇ ಮಾಡಿ, ಪ್ರತಿಯೊಂದು ಕ್ರಿಯೆಯೂ ಪೈಥಾನ್ ಸಾಲಾಗಿ ಪಕ್ಕದಲ್ಲಿ ಬರೆದುಕೊಳ್ಳುತ್ತ ಹೋಗುತ್ತಿತ್ತು. ಈ ಗುಂಡಿಯನ್ನು ನೆನಪಿಟ್ಟುಕೊಳ್ಳಿ.

ಇಷ್ಟಾಗಿಯೂ ಇವತ್ತು ಹೊಸಬರಿಗೆ ಮಾಯಾವಿಯನ್ನು ಹೇಳಿಕೊಡಲು ನನಗೆ ಧೈರ್ಯ ಸಾಲದು. ವಿಟಿಕೆಯ ಆವೃತ್ತಿ, ಕಿಟಕಿ ತೆರೆಯುವ ಲೈಬ್ರರಿಯ ಆವೃತ್ತಿ, ಪೈಥಾನಿನ ಆವೃತ್ತಿ ಮೂರಕ್ಕೂ ಜಾತಕ ಕೂಡಿಬಂದರೆ ಮಾತ್ರ ಅದು ಕಂಪ್ಯೂಟರಿಗೆ ಇಳಿಯುತ್ತದೆ. ಅದರಲ್ಲಿ ಎತ್ತರವನ್ನು ತಾನೇ ಹಿಗ್ಗಿಸಿಕೊಳ್ಳುವ ಒಂದು ಆಯ್ಕೆಯೂ ಇದೆ. ಡೇಟಾದ ಮಿತಿ ಏನೇ ಇರಲಿ, ನೋಟ ಹಿತವಾಗಿರಲಿ ಎಂಬುದೇ ಆ ಆಯ್ಕೆಯ ಘೋಷಿತ ಉದ್ದೇಶ. ಡಿಫಾಲ್ಟಾಗಿ ಅದನ್ನು ಹಚ್ಚಿಟ್ಟಿಲ್ಲ, ಅಷ್ಟರಮಟ್ಟಿಗೆ ಬದುಕಿದೆವು.

ಪೈವಿಸ್ಟಾ ಬಂದದ್ದು ಇಂಥ ಹೊತ್ತಿನಲ್ಲಿ. ಭೂಭೌತವಿಜ್ಞಾನದ ಹಿನ್ನೆಲೆಯ ಬೇನ್ ಸಲಿವನ್ ಮತ್ತು ಅಲೆಕ್ಸಾಂಡರ್ ಕಜಿನ್‌ಸ್ಕಿ 2019ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಳಗೆ ಇರುವುದು ಅದೇ ವಿಟಿಕೆ, ಹೊರಗಿನ ನಡವಳಿಕೆ ಮಾತ್ರ ಪೂರ್ತಿ ಬೇರೆ. ಕಡತವನ್ನು ಓದು, ಚಿತ್ರ ತೋರಿಸು ಎಂದು ಎರಡು ಸಾಲು ಬರೆದರೆ ಕಿಟಕಿ ತೆರೆಯುತ್ತದೆ. ಮೆಶ್ಶನ್ನು, ಎಂದರೆ ಡೇಟಾವನ್ನು ಹೊತ್ತ ಜಾಲವನ್ನು, ಕತ್ತರಿಸು, ಮಿತಿಯ ಕೆಳಗಿನದನ್ನು ಬಿಸಾಡು, ಸಮಬೆಲೆಯ ಪೊರೆ ತೆಗೆ ಎಂದು ಕೇಳುವುದೂ ಒಂದೊಂದೇ ಸಾಲು. ಪ್ರತಿಯೊಂದರಿಂದ ಇನ್ನೊಂದು ಮೆಶ್ ಹುಟ್ಟುತ್ತದೆ, ಅದರ ಮೇಲೆ ಮತ್ತೊಂದು ಸಂಸ್ಕಾರ. ಮೂಲ ಡೇಟಾ ಹಾಗೆಯೇ ಉಳಿದಿರುತ್ತದೆ. ಆ ಡೇಟಾ ಬೇಕಾದಾಗ ಪೈಥಾನಿನಲ್ಲಿ ಲೆಕ್ಕಕ್ಕೆ ಬಳಸುವ ನಂಪೈ ಕೋಷ್ಟಕವಾಗಿ ಕೈಗೆ ಸಿಗುತ್ತದೆ ಎನ್ನುವುದು ಬೆಲೆಯುಳ್ಳ ಅನುಕೂಲ. ಚಿತ್ರ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಎಂಬ ಹಳೆಯ ಗೋಡೆ ಇಲ್ಲಿ ಬಿದ್ದಿದೆ. ಪರದೆಯ ಮೇಲೆ ಕಂಡ ತುಂಡಿನ ಘನಗಾತ್ರ ಎಷ್ಟು ಎಂದು ಅದೇ ಜಾಗದಲ್ಲಿ ಕೇಳಬಹುದು, ಉತ್ತರ ಬರುತ್ತದೆ.

ಬಣ್ಣದ ವಿಷಯದಲ್ಲೂ ತಿದ್ದುಪಡಿ ಆಗಿದೆ. ವಿಟಿಕೆಯ ಹಳೆಯ ಪದ್ಧತಿಯಂತೆ ಕಡಿಮೆ ಬೆಲೆಗೆ ಕೆಂಪು, ಹೆಚ್ಚಿನ ಬೆಲೆಗೆ ನೀಲಿ, ನಡುವೆ ಇಡೀ ಕಾಮನಬಿಲ್ಲು. ಡೇಟಾದಲ್ಲಿ ಇಲ್ಲದ ಗಡಿಗಳನ್ನು ಹಳದಿ ಪಟ್ಟಿಯೊಂದು ಕಣ್ಣಿಗೆ ತೋರಿಸಿಬಿಡುತ್ತಿತ್ತು. ಪೈವಿಸ್ಟಾ ವಿರಿಡಿಸ್ ಬಣ್ಣಸರಣಿಯನ್ನು ಡಿಫಾಲ್ಟಾಗಿ ಇಟ್ಟುಕೊಂಡಿದೆ. ಸ್ಟೇಫಾನ್ ವ್ಯಾನ್ ಡರ್ ವಾಲ್ಟ್ ಮತ್ತು ನಥಾನಿಯಲ್ ಸ್ಮಿತ್ 2015ರಲ್ಲಿ ರೂಪಿಸಿದ ಈ ಸರಣಿಯಲ್ಲಿ ಬೆಲೆ ಏರಿದಂತೆ ಹೊಳಪೂ ಒಂದೇ ಹದದಲ್ಲಿ ಏರುತ್ತದೆ. ಕೆಂಪು ಹಸಿರು ಬೇರ್ಪಡಿಸಲಾಗದ ಕಣ್ಣಿಗೂ ತಿಳಿಯುತ್ತದೆ, ಕಪ್ಪುಬಿಳುಪು ಜೆರಾಕ್ಸಿನಲ್ಲೂ ಉಳಿಯುತ್ತದೆ.

ಹೊಗಳಿಕೆಯ ನಡುವೆ ಒಂದು ಹಳ್ಳದ ಬಗ್ಗೆ ಹೇಳಲೇಬೇಕು, ಏಕೆಂದರೆ ಕಲಿಯುವವರು ಅಲ್ಲೇ ಬೀಳುತ್ತಾರೆ. ಮೂರು ಆಯಾಮದ ನಂಪೈ ಕೋಷ್ಟಕವನ್ನು ಪೈವಿಸ್ಟಾದ ಗ್ರಿಡ್ಡಿಗೆ ತುಂಬಬೇಕಾದರೆ ಅದನ್ನು ಮೊದಲು ಒಂದೇ ಉದ್ದ ಸಾಲಾಗಿ ಬಿಡಿಸಬೇಕು. ನಂಪೈ ರೂಢಿಯಲ್ಲಿ ಕೊನೆಯ ಅಕ್ಷ ಮೊದಲು ಓಡುತ್ತದೆ, ವಿಟಿಕೆ ಬಯಸುವುದು ಮೊದಲ ಅಕ್ಷ ಮೊದಲು ಓಡಲಿ ಎಂದು. ಹಳೆಯ ಫೋರ್ಟ್ರಾನ್ ಕ್ರಮ. ಬಿಡಿಸುವಾಗ ‘ಎಫ್’ ಎಂಬ ಒಂದಕ್ಷರ ಹಾಕಲು ಮರೆತಿರೋ, ಯಾವ ದೂರೂ ಬರುವುದಿಲ್ಲ. ಸಂಖ್ಯೆಗಳ ಲೆಕ್ಕ ಸರಿಯಿದೆಯಲ್ಲ! ಗ್ರಿಡ್ಡಿನ ಮೂರು ಬದಿಗಳು ಬೇರೆ ಬೇರೆ ಅಳತೆಯವಾದರೆ ಚಿತ್ರ ಹರಿದುಹೋದಂತೆ ಕಂಡು ಎಚ್ಚರವಾಗುತ್ತದೆ. ಮೂರೂ ಬದಿ ಸಮವಿದ್ದರೆ ಎಕ್ಸ್ ಅಕ್ಷವೂ ಜೆಡ್ ಅಕ್ಷವೂ ಸದ್ದಿಲ್ಲದೆ ಜಾಗ ಬದಲಾಯಿಸಿಕೊಂಡು, ನಯವಾದ, ನಂಬುವಂಥ, ಪೂರ್ತಿ ತಪ್ಪಾದ ಚಿತ್ರ ಕಣ್ಣ ಮುಂದೆ ತಿರುಗುತ್ತದೆ. ಕೈಪಿಡಿಯ ಉದಾಹರಣೆಗಳಲ್ಲಿ ಆ ಅಕ್ಷರ ಇದೆ, ಅದು ಏಕೆ ಇದೆ ಎಂಬ ವಿವರಣೆ ಇನ್ನಷ್ಟು ಎದ್ದು ಕಾಣಬೇಕಿತ್ತು. ಎರಡು ಸಾಲಿನ ಸರಳತೆಗೆ ತೆರುವ ಬೆಲೆ ಇಂಥ ಕಡೆ ಇರುತ್ತದೆ. ಹೋಲಿಸಿದರೆ, ಸಂಖ್ಯೆ ಗ್ರಿಡ್ಡಿನ ಮೂಲೆಯದೋ ಮೂಲೆಗಳ ನಡುವಿನ ಕೋಶದ್ದೋ ಎಂಬ ಗೊಂದಲ ಸೌಮ್ಯ. ಕೋಶದ ಸಂಖ್ಯೆಯಿಂದ ಪೊರೆ ತೆಗೆಯಲು ಹೋದರೆ ಪೈವಿಸ್ಟಾ ಗಟ್ಟಿಯಾಗಿ ನಿರಾಕರಿಸುತ್ತದೆ. ಗದರುವ ಲೈಬ್ರರಿ ಎಷ್ಟೋ ವಾಸಿ.

ಇನ್ನು ಮುಖ್ಯವಾದ ಪ್ರಶ್ನೆಗೆ ಬರೋಣ. ಈ ‘ಇಂಟರಾಕ್ಟಿವ್’ ಎಂಬ ಮಾತನ್ನು ಮಾರುವವರು ತೋರಿಸುವುದು ತಿರುಗಿಸುವುದನ್ನೇ. ನೋಡುವವರೂ ಎರಡು ಸುತ್ತು ತಿರುಗಿಸಿ, ಆಹಾ ಎಂದು ಎದ್ದು ಹೋಗುತ್ತಾರೆ. ತಿರುಗಿಸುವುದರಿಂದ ಲಾಭವೇ ಇಲ್ಲ ಎಂದಲ್ಲ. ಚಪ್ಪಟೆ ಪರದೆಯ ಮೇಲೆ ಆಳ ತಿಳಿಯುವುದು ಬಹುಮಟ್ಟಿಗೆ ಚಲನೆಯಿಂದಲೇ. ಹತ್ತಿರದ ಬಿಂದು ಬೇಗ, ದೂರದ ಬಿಂದು ನಿಧಾನ ಸರಿಯುವಾಗ ಕಣ್ಣು ಆಳವನ್ನು ಊಹಿಸುತ್ತದೆ. ಆದರೆ ಹೊರಗಿನಿಂದ ತಿರುಗಿಸಿದಷ್ಟೂ ಕಾಣುವುದು ಹೊರಗೇ. ತಮಾರಾ ಮುನ್ಸ್ನರ್ ತಮ್ಮ 2014ರ ಪಠ್ಯಪುಸ್ತಕದಲ್ಲಿ ಸಕಾರಣವಿಲ್ಲದೆ ಮೂರನೆಯ ಆಯಾಮಕ್ಕೆ ಕೈಹಾಕಬೇಡಿ ಎಂದು ನಿಯಮವನ್ನೇ ಮಾಡಿಟ್ಟರು. ಮುಂದಿನದು ಹಿಂದಿನದನ್ನು ಮರೆಮಾಡುತ್ತದೆ, ದೂರದ್ದು ಚಿಕ್ಕದಾಗಿ ಕಂಡು ಅಳತೆ ಕೆಡುತ್ತದೆ. ಇವಕ್ಕೆ ಮೌಸು ಪರಿಹಾರವಲ್ಲ. ಮೌಂಗಾ ಫೌ ಗುಡ್ಡವನ್ನೇ ತೆಗೆದುಕೊಳ್ಳಿ. ಕುಳಿಯ ತಳ ಎಷ್ಟು ಎತ್ತರದಲ್ಲಿದೆ, ಅಂಚು ಯಾವ ಕಡೆ ತಗ್ಗು ಎಂಬುದಕ್ಕೆ ಸಮೋನ್ನತಿ ರೇಖೆಗಳಿರುವ ಚಪ್ಪಟೆ ನಕ್ಷೆ ಸಾಕು, ಅದು ಹೆಚ್ಚು ಚೆನ್ನಾಗಿಯೂ ಹೇಳುತ್ತದೆ. ಪ್ರತಿ ಬಿಂದುವಿಗೂ ಒಂದೇ ಎತ್ತರ ಇರುವ ಡೇಟಾ ನಿಜವಾಗಿ ಮೂರು ಆಯಾಮದ್ದೇ ಅಲ್ಲ. ಅದರ ಮೇಲೆ ನಯ ಛಾಯೆಯ ಆಯ್ಕೆ ಹಚ್ಚಿದರೆ ಹತ್ತು ಮೀಟರಿನ ತುಂಡುಗಳ ಅಂಚೆಲ್ಲ ಕರಗಿ, ಅಳೆಯದೇ ಇದ್ದದ್ದನ್ನೂ ಅಳೆದ ಹಾಗೆ ತೋರುತ್ತದೆ.

ಕತ್ತರಿಸುವುದು, ಮಿತಿ ಬದಲಿಸುವುದು, ಮುಟ್ಟಿ ಕೇಳುವುದು: ನನ್ನ ಲೆಕ್ಕದಲ್ಲಿ ನಿಜವಾದ ಆಟ ಇವು ಮೂರರದು. ಪೈವಿಸ್ಟಾ ಗೆಲ್ಲುವುದೂ ಇಲ್ಲೇ. ಮೆಶ್ಶಿನ ಮೇಲೆ ಒಂದು ಸಮತಲವನ್ನು ತೇಲಿಬಿಟ್ಟು, ಅದನ್ನು ಎಳೆದ ಹಾಗೆ ಒಳಗಿನ ಸೀಳು ಬದಲಾಗುವಂತೆ ಮಾಡಲು ಒಂದೇ ಸಾಲು ಸಾಕು. ಪೊರೆಯ ಬೆಲೆಯನ್ನು ಸ್ಲೈಡರಿಗೆ ಕಟ್ಟಲು ಇನ್ನೊಂದು ಸಾಲು. ಇದರ ಅರ್ಥ ತಲೆಯ ಸಿಟಿ ಸ್ಕ್ಯಾನಿನಲ್ಲಿ ಚೆನ್ನಾಗಿ ತಿಳಿಯುತ್ತದೆ. ವಿಟಿಕೆಯ ಹಳೆಯ ವೈದ್ಯಕೀಯ ಉದಾಹರಣೆಯಲ್ಲಿ 500 ಎಂಬ ಬೆಲೆ ಕೊಟ್ಟರೆ ಚರ್ಮ, 1150 ಕೊಟ್ಟರೆ ಮೂಳೆ. ಕೋಡಿನಲ್ಲಿ ಈ ಎರಡು ಅಂಕಿಗಳನ್ನು ಕಲ್ಲಿನಲ್ಲಿ ಕೊರೆದಂತೆ ಬರೆದಿಡಲಾಗಿದೆ, ತಲೆಮಾರುಗಳ ವಿದ್ಯಾರ್ಥಿಗಳು ಅವನ್ನೇ ನಕಲು ಮಾಡಿದ್ದಾರೆ. ಸ್ಲೈಡರಿಗೆ ಕಟ್ಟಿ ನಿಧಾನವಾಗಿ ಸರಿಸಿದರೆ ತಿಳಿಯುವುದೇ ಬೇರೆ. ಮೂಳೆ ಒಂದು ಬೆಲೆಯಲ್ಲಿ ಥಟ್ಟನೆ ಪ್ರತ್ಯಕ್ಷವಾಗುವುದಿಲ್ಲ. ತೆಳುವಾದ ಮೂಳೆಗಳು ಬೇಗ ಮಾಯವಾಗುತ್ತವೆ, ಕಣ್ಣುಗುಳಿಯ ಗೋಡೆಯಲ್ಲಿ ತೂತು ಬೀಳುತ್ತದೆ. ಆ ತೂತು ತಲೆಬುರುಡೆಯಲ್ಲಿಲ್ಲ, ನಾವು ಆರಿಸಿದ ಬೆಲೆಯಲ್ಲಿದೆ. ನಿಂತ ಚಿತ್ರವನ್ನು ಎಷ್ಟು ತಿರುಗಿಸಿದರೂ ಈ ಸಂಗತಿ ಹೊರಬರುವುದಿಲ್ಲ.

ಮೂರನೆಯ ಆಯಾಮ ನಿಜಕ್ಕೂ ಬೇಕೇಬೇಕಾದ ಡೇಟಾ ನೋಡಬೇಕೆಂದರೆ ದೂರ ಹೋಗಬೇಕಿಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರೆ ಸಾಕು. ಅಲ್ಲಿ ಸಾಗರ ವಿಜ್ಞಾನಿ ಪಿ.ಎನ್. ವಿನಯಚಂದ್ರನ್ ಮತ್ತು ಅವರ ಸಂಗಡಿಗರು ಬಹುಕಾಲದಿಂದ ಬಂಗಾಳ ಕೊಲ್ಲಿಯ ಉಪ್ಪನ್ನು ಬೆನ್ನಟ್ಟುತ್ತಿದ್ದಾರೆ. 2016ರ ಮುಂಗಾರಿನಲ್ಲಿ ‘ಸಿಂಧು ಸಾಧನ’ ಹಡಗಿನಲ್ಲಿ ಕೊಲ್ಲಿಯ ದಕ್ಷಿಣ ಭಾಗಕ್ಕೆ ಹೋಗಿ ಅಳೆದು ಬಂದ ತಂಡ ಅದು. ಕಥೆ ಸ್ವಾರಸ್ಯವಾಗಿದೆ. ಗಂಗಾ, ಬ್ರಹ್ಮಪುತ್ರ ಮುಂತಾದ ನದಿಗಳ ನೀರು, ಮೇಲಿಂದ ಮಳೆ. ಹೀಗಾಗಿ ಬಂಗಾಳ ಕೊಲ್ಲಿಯ ಮೇಲ್ಪದರ ಸಪ್ಪೆ. ಅರಬ್ಬಿ ಸಮುದ್ರವಾದರೋ ಬಿಸಿಲಿಗೆ ಆವಿಯಾಗಿ ಆಗಿ ಹೆಚ್ಚು ಉಪ್ಪು. ಮುಂಗಾರಿನ ಪ್ರವಾಹ ಆ ಉಪ್ಪು ನೀರನ್ನು ಶ್ರೀಲಂಕಾದ ಕೆಳಗಿಂದ ಬಳಸಿಕೊಂಡು ಕೊಲ್ಲಿಯೊಳಕ್ಕೆ ತರುತ್ತದೆ. ಉಪ್ಪು ನೀರು ಭಾರ, ಆದ್ದರಿಂದ ಸಪ್ಪೆ ನೀರಿನ ಅಡಿಗೆ ನುಸುಳುತ್ತದೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಕಾಣದು. ಒಂದೇ ಆಳದ ಚಪ್ಪಟೆ ನಕ್ಷೆಯಲ್ಲಿ ತುಣುಕು ತುಣುಕಾಗಿ ಕಂಡು ಮರೆಯಾಗುತ್ತದೆ, ಏಕೆಂದರೆ ಅದು ಮುಂದೆ ಸಾಗುತ್ತಲೇ ಮೇಲೆ ಕೆಳಗೆ ಏರಿಳಿಯುತ್ತದೆ. ಅದರ ಆಕಾರ ಹಿಡಿಯಬೇಕಾದರೆ ಮೂರೂ ಆಯಾಮ ಬೇಕು, ನಾಲ್ಕನೆಯದಾಗಿ ಕಾಲವೂ ಬೇಕು.

ಅದೇ ಸಂಸ್ಥೆಯಲ್ಲಿ ವಿಜಯ್ ನಟರಾಜನ್ ಅವರ ವಿಶುವಲೈಸೇಶನ್ ಪ್ರಯೋಗಾಲಯ ಈ ಉಪ್ಪು ನೀರಿನ ಚಲನೆಯನ್ನು ಗುರುತಿಸಿ ಹಿಂಬಾಲಿಸುವ ವಿಧಾನಗಳ ಮೇಲೆ ಸಾಗರ ವಿಜ್ಞಾನಿಗಳ ಜೊತೆ ಕೆಲಸ ಮಾಡಿದೆ. ವಿಟಿಕೆಯ ಮೇಲೇ ನಿಂತ ಪ್ಯಾರಾವ್ಯೂ ತಂತ್ರಾಂಶಕ್ಕೆ ಸಾಗರದ ಡೇಟಾ ನೋಡುವ ಸಲಕರಣೆಗಳನ್ನೂ ಜೋಡಿಸಿದೆ. ಅವರ ಮುಂದಿರುವ ಪ್ರಶ್ನೆ ಚಿತ್ರದ ಅಂದದ್ದಲ್ಲ. ಉಪ್ಪಿನ ಮಿತಿಯನ್ನು 35 ಎಂದು ಇಟ್ಟುಕೊಂಡರೆ ಒಂದು ನೀರಿನ ರಾಶಿ ಸಿಗುತ್ತದೆ ಎನ್ನಿ. ಮಿತಿಯನ್ನು ಕೂದಲೆಳೆಯಷ್ಟು ಏರಿಸಿದರೆ ಅಂಥ ರಾಶಿ ಎರಡಾಗಿ ಕಡಿದುಹೋಗಬಹುದು, ಇಳಿಸಿದರೆ ಪಕ್ಕದ್ದರ ಜೊತೆ ಕೂಡಿಕೊಳ್ಳಬಹುದು. ಎಲ್ಲಿ ಕಡಿಯುತ್ತದೆ, ಎಲ್ಲಿ ಕೂಡುತ್ತದೆ ಎಂಬ ಜಾಗಗಳನ್ನೆಲ್ಲ ಮೊದಲೇ ಲೆಕ್ಕ ಹಾಕಿ ಮರದಂತೆ ಬರೆದಿಡುವ ಗಣಿತವೇ ಇದೆ, ಆ ಪ್ರಯೋಗಾಲಯ ಹೆಸರು ಮಾಡಿರುವುದೂ ಇಂಥ ಗಣಿತದಲ್ಲೇ. ಸ್ಲೈಡರ್ ಹಿಡಿದು ಕೈಯಾರೆ ಹುಡುಕುವವನಿಗೆ ಅದೃಷ್ಟವಿದ್ದರೆ ಸಿಗುವುದು ಅಲ್ಲಿ ಲೆಕ್ಕದಿಂದ ಸಿಗುತ್ತದೆ. ಪೈವಿಸ್ಟಾದ ಸ್ಲೈಡರಿನ ಎಲ್ಲೆ ಎಲ್ಲಿದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಯಾವ ಬೆಲೆಯಲ್ಲಿ ಕೇಳಬೇಕು ಎಂದು ಹೇಳುವುದಿಲ್ಲ.

ಹಿಗ್ಗಿಸುವ ಮಾತಿಗೂ ಸಮುದ್ರ ಬೇರೆ ಮುಖ ಕೊಡುತ್ತದೆ. ಸಾವಿರ ಕಿಲೋಮೀಟರ್ ಅಗಲ, ನಾವು ನೋಡಬೇಕಾದ ಆಳ ಇನ್ನೂರು ಮೀಟರ್. ಒಂದಕ್ಕೆ ಐದು ಸಾವಿರ. ನಿಜ ಪ್ರಮಾಣದಲ್ಲಿ ಅರ್ಧ ಮೀಟರ್ ಅಗಲದ ಪರದೆಗೆ ತಂದರೆ ಇಡೀ ಕೊಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ದಪ್ಪ, ಕಾಗದದ ಹಾಳೆಯಷ್ಟು. ಪೈವಿಸ್ಟಾದ ಪ್ರಾಮಾಣಿಕ ಡಿಫಾಲ್ಟ್ ಇಲ್ಲಿ ಏನನ್ನೂ ತೋರಿಸದು, ನೂರಾರು ಪಟ್ಟು ಹಿಗ್ಗಿಸದೆ ಗತಿಯಿಲ್ಲ. ಹಿಗ್ಗಿಸಲು ಒಂದು ಸಾಲು ಬರೆದರೆ ಆಯಿತು, ಆದರೆ ಹೀಗೆ ಹಿಗ್ಗಿಸಿದ್ದೇನೆ ಎಂದು ಚಿತ್ರದ ಮೂಲೆಯಲ್ಲಿ ಅದು ತಾನಾಗಿ ಬರೆಯುವುದಿಲ್ಲ. ಶಾಲಾ ಭೂಪಟದಲ್ಲೂ ಪ್ರಮಾಣದ ಗೆರೆ ಇರುತ್ತದೆ. ಇಷ್ಟು ಜಾಣ ಲೈಬ್ರರಿ ಆ ಶಿಸ್ತನ್ನು ಬಳಸುವವರ ಒಳ್ಳೆಯತನಕ್ಕೆ ಬಿಟ್ಟಿರುವುದು ನನಗೆ ಹಿಡಿಸದ ಸಂಗತಿ.

ಹಂಚುವ ವಿಷಯಕ್ಕೆ ಬಂದರೆ ಪ್ಲಾಟ್ಲಿಯೇ ಮೇಲು. ಒಂದು ಎಚ್‌ಟಿಎಂಎಲ್ ಕಡತ ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೂ ಆಚೆಯವರು ಏನನ್ನೂ ಹಾಕಿಕೊಳ್ಳದೆ ತೆರೆಯಬಹುದು. ಫೋನಿನಲ್ಲಿ ಪುಟ ಜಾರಿಸಲು ಬೆರಳಿಟ್ಟರೆ ಪುಟದ ಬದಲು ಗುಡ್ಡ ತಿರುಗುತ್ತದೆ ಎನ್ನುವ ಕಿರಿಕಿರಿ ಇದೆ, ಇರಲಿ. ಪೈವಿಸ್ಟಾ ಇನ್ನೂ ಮೇಜಿನ ಮೇಲಿನ ಕಂಪ್ಯೂಟರಿನ ಕೂಸು. ನೋಟ್‌ಬುಕ್ಕಿನಲ್ಲಿ ಚಿತ್ರ ಆಡಿಸಲು ಅದು ಒಂದರ ನಂತರ ಒಂದರಂತೆ ಹಲವು ಬೆನ್ನೆಲುಬುಗಳನ್ನು ಬದಲಿಸಿತು. ಹಳೆಯ ಮೂರು ನಾಲ್ಕನ್ನು ಕೈಬಿಟ್ಟು ಈಗ ಕಿಟ್‌ವೇರಿನ ಟ್ರೇಮ್ ಮೇಲೆ ನೆಲೆಗೊಂಡಿದೆ. ಬದಲಾವಣೆ ಒಳ್ಳೆಯದಕ್ಕೇ ಆದರೂ, ಹಳೆಯ ಪಾಠ ನೋಡಿ ಕಲಿಯುವ ವಿದ್ಯಾರ್ಥಿಗೆ ಯಾವ ಸಾಲು ಇನ್ನೂ ಬದುಕಿದೆ, ಯಾವುದು ಸತ್ತಿದೆ ಎಂದು ತಿಳಿಯುವುದಿಲ್ಲ. ದೂರದ ಸರ್ವರಿನಲ್ಲಿ ಪರದೆಯೇ ಇಲ್ಲದ ಕಡೆ ಓಡಿಸುವುದೂ ಬಹುಕಾಲ ತಲೆನೋವಾಗಿತ್ತು, ಇಲ್ಲದ ಪರದೆಯನ್ನು ಇದೆ ಎಂದು ನಟಿಸುವ ಇನ್ನೊಂದು ಪ್ರೋಗ್ರಾಮನ್ನು ಜೊತೆಗೆ ಓಡಿಸಬೇಕಾಗಿತ್ತು.

ಈಗ ಮಾಯಾವಿಯ ರೆಕಾರ್ಡ್ ಗುಂಡಿಯ ಮಾತು. ಸಂಶೋಧಕಿಯೊಬ್ಬಳು ಪೈವಿಸ್ಟಾದಲ್ಲಿ ಸಂಜೆಯವರೆಗೆ ಸಮತಲವನ್ನು ಎಳೆದಾಡಿ, ಸ್ಲೈಡರನ್ನು ಅತ್ತಿತ್ತ ಸರಿಸಿ, ಕೊನೆಗೆ ಎರಡು ಉಪ್ಪಿನ ರಾಶಿಗಳ ನಡುವೆ ತೆಳುವಾದ ಸೇತುವೆಯೊಂದನ್ನು ಕಾಣುತ್ತಾಳೆ ಎಂದುಕೊಳ್ಳೋಣ. ಪರದೆಯ ಚಿತ್ರ ತೆಗೆದಿಡುತ್ತಾಳೆ. ಕಿಟಕಿ ಮುಚ್ಚಿದ ಕ್ಷಣ ಆ ಕೋನ, ಆ ಸೀಳು, ಸ್ಲೈಡರಿನ ಆ ಬೆಲೆ ಎಲ್ಲವೂ ಹೋಯಿತು. ಅವಳು ಬರೆದ ಕೋಡಿನಲ್ಲಿ ಇರುವುದು ಸ್ಲೈಡರ್ ಇಡು ಎಂಬ ಸಾಲು ಮಾತ್ರ. ಕ್ಯಾಮೆರಾ ಎಲ್ಲಿದೆ ಎಂದು ಕೇಳಿದರೆ ಪೈವಿಸ್ಟಾ ಹೇಳುತ್ತದೆ: ನಿಂತ ಜಾಗ, ನೋಡುವ ಜಾಗ, ಯಾವುದು ಮೇಲು ಎಂಬ ದಿಕ್ಕು, ಒಟ್ಟು ಒಂಬತ್ತು ಸಂಖ್ಯೆ. ಆದರೆ ಕೇಳಬೇಕು, ಅದೂ ಕಿಟಕಿ ಮುಚ್ಚುವ ಮೊದಲೇ ಕೇಳುವ ಏರ್ಪಾಟು ಮಾಡಿಕೊಂಡಿರಬೇಕು. ಇಪ್ಪತ್ತು ವರ್ಷದ ಹಿಂದಿನ ಪೀಳಿಗೆಯ ಲೈಬ್ರರಿ ಮೌಸಿನ ಪ್ರತಿ ಚಲನೆಯನ್ನು ಕೋಡಾಗಿ ಬರೆದುಕೊಡುತ್ತಿತ್ತು. ಪ್ಯಾರಾವ್ಯೂನಲ್ಲೂ ಅಂಥ ಜಾಡು ಉಳಿಸುವ ಸೌಲಭ್ಯ ಇದೆ. ಅವೆರಡಕ್ಕಿಂತ ಎಷ್ಟೋ ಹಗುರಾಗಿ, ಎಷ್ಟೋ ಪ್ರೀತಿಯಿಂದ ಬರೆಯಲ್ಪಟ್ಟ ಪೈವಿಸ್ಟಾದಲ್ಲಿ ಇದು ಇಲ್ಲದಿರುವುದು ಸಣ್ಣ ಕೊರತೆಯಲ್ಲ. ಮರಳಿ ಮಾಡಿ ತೋರಿಸಲಾಗದ ನೋಟವನ್ನು ವಿಜ್ಞಾನದಲ್ಲಿ ಸಾಕ್ಷಿಯಾಗಿ ಇಡುವುದು ಹೇಗೆ?

ಹೀಗಿದ್ದೂ ಕೆಲಸಕ್ಕೆ ಕೂರುವಾಗ ನಾನು ತೆರೆಯುವುದು ಪೈವಿಸ್ಟಾವನ್ನೇ, ಕಲಿಯಲು ಬಂದವರಿಗೆ ಹೇಳುವುದೂ ಅದನ್ನೇ. ಆ ರೆಕಾರ್ಡ್ ಗುಂಡಿ ಬರುವ ತನಕ, ಪೈವಿಸ್ಟಾದ ಚಿತ್ರ ಹಾಕಿದ ಪ್ರಬಂಧ ಓದಲು ಕೈಗೆ ಬಂದರೆ ಮೂರು ಸಂಗತಿಗಳನ್ನು ಬರೆದು ಕೇಳುತ್ತೇನೆ: ಕ್ಯಾಮೆರಾದ ಒಂಬತ್ತು ಸಂಖ್ಯೆ, ಪೊರೆಗೆ ಆರಿಸಿದ ಬೆಲೆ, ಎತ್ತರವನ್ನು ಎಷ್ಟು ಪಟ್ಟು ಹಿಗ್ಗಿಸಿದ್ದಾರೆ ಎಂಬುದು. ಮೂರೂ ಸೇರಿ ಚಿತ್ರದ ಕೆಳಗೆ ಎರಡು ಸಾಲಿನ ಜಾಗ ಹಿಡಿಯುತ್ತವೆ.